ಹೊರಗಿನ ಓದು

ಮನೆ ಬಿಡುವ ಮುಂಚೆ ಮುದುಕರೆಲ್ಲ ಕನ್ನಡಕ ಇದೆಯೋ ಇಲ್ಲವೋ ಎಂದು ಜೇಬು ತಡವಿ ನೋಡಿಕೊಳ್ಳುತ್ತಾರೆ. ಎವರ್ಟ್ ಕ್ವಿಕ್ ಕೂಡ ತಡವಿಕೊಳ್ಳುತ್ತಿದ್ದ. ಇಲ್ಲವೆಂದು ಖಾತ್ರಿಯಾದರೇ ಅವನಿಗೆ ನೆಮ್ಮದಿ. ಆ ಭಾನುವಾರವೂ ಕೋಟಿನ ಒಳಜೇಬು, ಹೊರಜೇಬು, ಪ್ಯಾಂಟಿನ ಜೇಬು ಎಲ್ಲ ತಡವಿದ. ಕನ್ನಡಕ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಹೂಕುಂಡದ ಹಿಂದೆ, ಅವನು ಇಟ್ಟಲ್ಲೇ ಇತ್ತು. ಅಲ್ಲೇ ಬಿದ್ದಿರಲಿ. ದುಬಾರಿ ಕನ್ನಡಕವೇ. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದಾಗ ಒಂದೂ ತಪ್ಪದೆ ಹೇಳಿದ್ದ, ಯಾಕೆಂದರೆ ಅಲ್ಲಿ ಅಕ್ಷರಗಳು ಒಂಟೊಂಟಿಯಾಗಿ ನಿಂತಿದ್ದವು. ಒಂಟಿ ಅಕ್ಷರದ ಜತೆ ಎವರ್ಟ್‌ಗೆ ಯಾವ ತಕರಾರೂ ಇರಲಿಲ್ಲ. ನಾಲ್ಕು ಸೇರಿದವೋ, ಕೆಟ್ಟಿತು. ಒಂದನ್ನೊಂದು ನೂಕಿಕೊಂಡು, ಹಿಂದಿನದು ಮುಂದೆ ಬಂದು, ಕೊನೆಗೆ ಎಲ್ಲ ಸೇರಿ ಅವನ ಮುಖ ನೋಡಿ ನಗುತ್ತಿದ್ದವು. ಎವರ್ಟ್‌ಗೆ ಓದಲು ಬರುತ್ತಿರಲಿಲ್ಲ. ಸ್ವೀಡನ್ನಿನಂಥ ದೇಶದಲ್ಲಿ, ಅದೂ ಕಾಗದದ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದು ನಿವೃತ್ತನಾದ ಮನುಷ್ಯ, ಅರವತ್ತೆಂಟು ವಯಸ್ಸಿನವರೆಗೆ ಇದನ್ನು ಮುಚ್ಚಿಟ್ಟುಕೊಂಡು ಬಂದಿದ್ದ. ಗೊತ್ತಿದ್ದದ್ದು ಹೆಂಡತಿ ಸಿಗ್ನೆಗೆ ಮಾತ್ರ. ಉಳಿದ ಲೋಕಕ್ಕೆ ಅವನು ಕನ್ನಡಕ ಮರೆಯುವ ಮನುಷ್ಯ, ಅಷ್ಟೇ.

ಸಿಗ್ನೆ ಮೇಜಿನ ಹತ್ತಿರ ನಿಂತು ಬಿಸ್ಕತ್ತು ಡಬ್ಬಿಗೆ ತುಂಬುತ್ತಿದ್ದಳು. ಬಳಗದ ಕೂಟವೆಂದರೆ ಏಳು ಬಗೆ ಇರಬೇಕು. ಒಂದು ಕಡಿಮೆಯಾದರೂ ಎವರ್ಟ್‌ನ ದೊಡ್ಡಪ್ಪನ ಮಗಳು ಗೆರ್ಡಾ ಎಲ್ಲರೆದುರು ಎಣಿಸಿ ತೋರಿಸುತ್ತಾಳೆ. ಅವನ ಕಡೆ ತಿರುಗದೆಯೇ ಸಿಗ್ನೆ ಕೇಳಿದಳು:

"ಏನು ಯೋಚನೆ ಮಾಡಿದೆ?"

"ಯಾವುದರ ಬಗ್ಗೆ?"

"ಗೊತ್ತಿಲ್ಲದೋರ ಹಾಗೆ ಆಡಬೇಡ. ಇವತ್ತು ಕೆಂಟ್‌ಗೆ ಹೇಳ್ತೀಯೋ ಇಲ್ವೋ?"

ಕೆಂಟ್ ಅವರ ಒಬ್ಬನೇ ಮಗ, ಮಾಲಿನ್ ಅವನ ಮಗಳು. ಪುರಸಭೆಯ ಕಸದ ಲಾರಿ ಓಡಿಸುತ್ತಿದ್ದ. ಓದಿನಲ್ಲಿ ಅವನು ದಡ್ಡನೆಂಬುದು ಬಂಧುಬಳಗಕ್ಕೆಲ್ಲ ಗೊತ್ತಿದ್ದ ವಿಷಯ. ಕ್ರಿಸ್‌ಮಸ್ಸಿಗೆ ಅವನು ಕಳಿಸುವ ಕಾರ್ಡಿನಲ್ಲಿ ಎಷ್ಟು ತಪ್ಪಿದೆಯೆಂದು ಗೆರ್ಡಾ ಪ್ರತಿವರ್ಷ ವರದಿ ಕೊಡುತ್ತಿದ್ದಳು.

"ಹೇಳೋಕ್ಕೇನಿದೆ?" ಎಂದ ಎವರ್ಟ್.

"ಮಾಲಿನ್‌ಳ ಸ್ಕೂಲಿಂದ ಫೋನ್ ಬಂದಿತ್ತಂತೆ. ಹುಡುಗಿಗೆ ಓದೋಕೆ ಆಗ್ತಿಲ್ಲ, ಬೇರೆ ಕ್ಲಾಸಿಗೆ ಹಾಕ್ತೀವಿ ಅಂದ್ರಂತೆ. ಕೆಂಟ್ ನನಗೇನಂದ ಗೊತ್ತಾ? ನನ್ನಿಂದಲೇ ಬಂದದ್ದಮ್ಮಾ, ನನ್ನ ಮಂಡೆಯೇ ಅವಳಿಗೂ ಬಂದಿದೆ ಅಂದ. ನಿನ್ನಿಂದ ಅಲ್ಲ ಕಣೋ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಎಷ್ಟು ಅಂತ ನುಂಗಲಿ?"

"ಇಷ್ಟು ವರ್ಷ ನುಂಗಿದ್ದೀಯ. ಇನ್ನೊಂದು ಭಾನುವಾರ ನುಂಗು."

ಸಿಗ್ನೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. "ಇವತ್ತು ನಾನು ಬರೆದ ನಿಮ್ಮ ವಂಶದ ಸೈನಿಕನ ಕಥೆ ಕೆಂಟೇ ಓದ್ತಾನೆ. ಎರಡು ವಾರದಿಂದ ಮನೇಲಿ ಕೂತು ಅಭ್ಯಾಸ ಮಾಡಿದ್ದಾನೆ, ಮಗಳ ಮುಂದೆ ಓದಿ ತೋರಿಸ್ಬೇಕು ಅಂತ. ಅವನು ಮುಗಿಸಿದ ಮೇಲೆ ನೀನೆದ್ದು ನಾಲ್ಕು ಮಾತು ಆಡು. ನನಗೂ ಹೀಗೇನೇ ಅಂತ. ಅಷ್ಟು ಸಾಕು. ನೀನು ಆಡದಿದ್ರೆ ಮನೆಗೆ ಬರೋದ್ರೊಳಗೆ ನಾನೇ ಅವನಿಗೆ ಹೇಳ್ತೀನಿ."

ಕಾರು ಸಿಗ್ನೆಯೇ ಓಡಿಸುತ್ತಿದ್ದಳು. ಲೈಸೆನ್ಸಿಗೆ ಬರವಣಿಗೆಯ ಪರೀಕ್ಷೆ ಇದ್ದುದರಿಂದ ಎವರ್ಟ್ ಕಾರು ಮುಟ್ಟಿರಲಿಲ್ಲ. ಕೂಲಿಯವನು ಕೂಲಿಯವರ ಜತೆ ಬಸ್ಸಿನಲ್ಲೇ ಓಡಾಡಬೇಕು ಎನ್ನುತ್ತಿದ್ದ, ಕಾರ್ಖಾನೆಯ ಜನ ಅದನ್ನು ತತ್ವವೆಂದು ನಂಬಿ ಗೌರವಿಸುತ್ತಿದ್ದರು. ಅವನ ಗೌರವವೆಲ್ಲ ಇಂಥ ಪಾಯದ ಮೇಲೇ ಎದ್ದು ನಿಂತದ್ದು. ಸಂಘದ ಸಭೆಗಳಲ್ಲಿ ಅವನು ಕಾಗದ ಕೈಯಲ್ಲಿ ಹಿಡಿದು, ಕಾಗದ ನೋಡದೆ ಮಾತಾಡುತ್ತಿದ್ದ. ಎವರ್ಟ್‌ನ ತಲೆ ತಲೆಯಲ್ಲ, ಕಪಾಟು ಎನ್ನುತ್ತಿದ್ದರು. ಹಿಂದಿನ ಸಂಜೆ ಸಿಗ್ನೆ ಎರಡು ಸಲ ಓದಿ ಹೇಳಿದರೆ ಸಾಕು, ಅವನ ಬಾಯಲ್ಲಿ ಕೂತುಬಿಡುತ್ತಿತ್ತು. ಮದುವೆಗೆ ಮುಂಚೆ ಕಾಫಿ ಅಂಗಡಿಯಲ್ಲಿ ಅವಳು ಏನು ತರಿಸಿದರೆ ಅವನೂ ಅದನ್ನೇ ತರಿಸುತ್ತಿದ್ದ, ಅವಳು ಅದನ್ನು ಪ್ರೀತಿಯೆಂದುಕೊಂಡಿದ್ದಳು. ನಿಜ ಗೊತ್ತಾದ ದಿನ ಅತ್ತಳು. ಅತ್ತು ಮುಗಿದ ಮೇಲೆ ಅವಳ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡಿತ್ತು. ತನ್ನನ್ನು ಬಿಟ್ಟು ಎಲ್ಲೂ ಹೋಗಲಾರದ ಗಂಡ ಸಿಕ್ಕಿದನಲ್ಲ ಎಂಬ ಸಮಾಧಾನ ಅದು ಎಂದು ಎವರ್ಟ್ ಅವತ್ತೇ ಲೆಕ್ಕ ಹಾಕಿದ್ದ, ಮತ್ತು ಅದಕ್ಕಾಗಿ ಅವಳನ್ನು ಪೂರ್ತಿ ಕ್ಷಮಿಸಿರಲಿಲ್ಲ. ಕಾರಿನ ಕಿಟಕಿಯಾಚೆ ರಸ್ತೆಯ ಫಲಕಗಳು ಬಂದು ಹೋಗುತ್ತಿದ್ದವು. ಊರಿನ ಹೆಸರನ್ನು ಅವನು ಫಲಕ ನೋಡಿ ತಿಳಿಯುತ್ತಿರಲಿಲ್ಲ, ಪಕ್ಕದ ಪೆಟ್ರೋಲ್ ಬಂಕು ನೋಡಿ ತಿಳಿಯುತ್ತಿದ್ದ. ಬಂಕು ಮುಚ್ಚಿಹೋದ ಕಡೆ ಅವನಿಗೆ ಊರೇ ಇಲ್ಲವಾಗುತ್ತಿತ್ತು.

ವಂಶದ ಬೇರು ಹುಡುಕುವ ಈ ಹುಚ್ಚು ಸಿಗ್ನೆಗೆ ಹತ್ತಿದ್ದು ಕೆಲಸ ಬಿಟ್ಟ ಮೇಲೆ. ಲೈಬ್ರರಿಯಲ್ಲಿ ಸಂಜೆ ಕಾಫಿ ಕುಡಿಯುತ್ತ ಹಳೆಯ ದಾಖಲೆ ಓದುವುದನ್ನು ಕಲಿಸುತ್ತಿದ್ದರು. ಮೊದಲು ತನ್ನ ಮನೆತನವನ್ನು ಹುಡುಕಿದಳು. ಎಲ್ಲರೂ ಜಮೀನಿದ್ದವರು, ಎಲ್ಲರೂ ಸರಿಯಾದ ವಯಸ್ಸಿಗೆ ಮದುವೆಯಾಗಿ ಸರಿಯಾದ ವಯಸ್ಸಿಗೆ ಸತ್ತವರು, ಬೇಸರ ಬಂತು. ಆಮೇಲೆ ಗಂಡನ ಕಡೆಗೆ ಇಳಿದಳು. ಅಲ್ಲಿ ಅವಳಿಗೆ ಹಬ್ಬವೋ ಹಬ್ಬ. ಹಳೆಯ ಕಾಲದಲ್ಲಿ ಪಾದ್ರಿ ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಆಳುಕಾಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಓದಿಸಿ, ಯಾರಿಗೆ ಎಷ್ಟು ಬರುತ್ತದೆಂದು ಗುರುತು ಹಾಕಿಕೊಂಡು ಹೋಗುತ್ತಿದ್ದ. ಅವನ ದಾಖಲೆಯಲ್ಲಿ ಅದಕ್ಕೆ ಎರಡು ಮನೆ, ಎರಡು ಅಂಕಣ. ಒಂದು ಒಳಗಿನ ಓದು, ಅಂದರೆ ಪುಸ್ತಕದೊಳಗೆ ಕಣ್ಣಿಟ್ಟು ಓದುವುದು. ಇನ್ನೊಂದು ಹೊರಗಿನ ಓದು, ಅಂದರೆ ಪುಸ್ತಕದ ಹಂಗಿಲ್ಲದೆ ಬಾಯಿಪಾಠ ಒಪ್ಪಿಸುವುದು. ಅಲ್ಲಿನ ಜನ ಇವತ್ತಿಗೂ ಬಾಯಿಪಾಠಕ್ಕೆ ಹೊರಗಿನಿಂದ ಎಂದೇ ಅನ್ನುತ್ತಾರೆ, ಯಾಕೆ ಹಾಗನ್ನುತ್ತೇವೆಂದು ಯಾರೂ ಯೋಚಿಸುವುದಿಲ್ಲ. ಕ್ವಿಕ್ ಮನೆತನದವರ ಹೆಸರಿನ ಮುಂದೆ ತಲೆಮಾರು ಕಳೆದರೂ ಹೊರಗಿನ ಮನೆ ತುಂಬಿ ಚೆಲ್ಲುತ್ತಿತ್ತು, ಒಳಗಿನ ಮನೆ ಖಾಲಿ. ಅಜ್ಜನ ತಮ್ಮನೊಬ್ಬನ ಹೆಸರಿನ ಮುಂದೆ ಜನಗಣತಿಯವನು ಮಂದಬುದ್ಧಿ ಎಂದು ಬರೆದುಕೊಂಡಿದ್ದ, ಕುರುಡ, ಕಿವುಡ ಎಂದು ಬರೆಯಲು ಬಿಟ್ಟ ಜಾಗದಲ್ಲಿ. ಇದನ್ನೆಲ್ಲ ಸಿಗ್ನೆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. "ನೋಡು, ನಿನ್ನ ತಪ್ಪಲ್ಲ ಇದು," ಎನ್ನುತ್ತಿದ್ದಳು. ಅವಳಿಗೆ ಅದು ಬಿಡುಗಡೆಯ ಸುದ್ದಿ. ಎವರ್ಟ್‌ಗೆ ಮಾತ್ರ, ಇನ್ನೂರು ವರ್ಷದ ಹಿಂದೆ ಸತ್ತ ಪಾದ್ರಿಯೊಬ್ಬ ಮನೆಗೆ ಬಂದು ತನ್ನನ್ನೂ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತಿತ್ತು. ಕ್ವಿಕ್ ಎಂಬ ಹೆಸರು ಕೂಡ ಅವರದಲ್ಲವಂತೆ. ಸೈನ್ಯದವರು ಗುಡಿಸಲಿಗೆ ಇಟ್ಟ ಹೆಸರಂತೆ, ಅದರೊಳಗೆ ಬಂದು ಕೂತ ಸೈನಿಕ ಯಾರೇ ಆಗಲಿ ಅವನು ಕ್ವಿಕ್. ಚುರುಕು ಎಂದು ಅರ್ಥ. ಶಾಲೆಯ ಟೀಚರಮ್ಮ ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಹೆಸರಿಗೆ ತಕ್ಕ ಹಾಗೆ ಚುರುಕಾಗಿ ಓದಪ್ಪ ಎಂದಾಗಲೆಲ್ಲ ಇಡೀ ಕ್ಲಾಸು ನಗುತ್ತಿತ್ತು. ಯಾವನದೋ ಗುಡಿಸಲಿನ ಹೆಸರಿಗಾಗಿ ತಾನು ಇಷ್ಟು ಅನುಭವಿಸಿದ್ದು ಎಂದು ತಿಳಿದಾಗ ಅವನಿಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ಕೆಂಟ್‌ಗೆ ಓದು ಕಲಿಸಲು ಕೂತದ್ದು ಅಡುಗೆಮನೆಯ ಅದೇ ಮೇಜಿನಲ್ಲಿ. ಹುಡುಗನಿಗೆ ಎಂಟು ವರ್ಷ. ಶಾಲೆಯಿಂದ ಚೀಟಿ ಬಂದಿತ್ತು, ಮನೆಯಲ್ಲಿ ತಂದೆ ಓದಿಸಬೇಕೆಂದು. ತಾಯಿ ಓದಿಸಿದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಪಕ್ಕದ ಮನೆಯವರೆಲ್ಲ ಕಾರ್ಖಾನೆಯಿಂದ ಬಂದು ಮಕ್ಕಳನ್ನು ಓದಿಸುತ್ತಿದ್ದರು, ಸಂಘದ ಎವರ್ಟ್ ಓದಿಸದಿದ್ದರೆ ಯಾರಾದರೂ ಏನಾದರೂ ಅಂದುಕೊಂಡಾರು. ಅವನು ಪುಸ್ತಕವನ್ನು ಹುಡುಗನ ಮುಂದೆ ಸರಿಸಿ ಪಕ್ಕದಲ್ಲಿ ಕೂರುತ್ತಿದ್ದ. ತಪ್ಪು ಯಾವುದು ಸರಿ ಯಾವುದು ಅವನಿಗೆ ಹೇಗೆ ತಿಳಿಯಬೇಕು? ಹುಡುಗ ತಡೆದು ನಿಂತನೆಂದರೆ ತಪ್ಪು. ನಿಂತಾಗ ಕೆನ್ನೆಗೆ ಒಂದು. ಮತ್ತೆ ನಿಂತರೆ ಮತ್ತೊಂದು. ಹೆಚ್ಚು ಜೋರಾಗಿ ಅಲ್ಲ, ಆದರೆ ತಪ್ಪದೆ. ಸಿಗ್ನೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಅವಳು ತೊಳೆಯುತ್ತಿದ್ದ ಪಾತ್ರೆಗಳು ಆ ಚಳಿಗಾಲವಿಡೀ ಮುಗಿಯಲೇ ಇಲ್ಲ. ಒಂದು ಸಂಜೆ ಹುಡುಗ ತಡೆಯದೆ, ಉಸಿರು ತೆಗೆದುಕೊಳ್ಳದೆ, ಒಂದು ಪುಟವನ್ನು ಗಡಗಡ ಓದಿಬಿಟ್ಟ. ಯಾವುದೋ ಕುದುರೆಯ ಕಥೆ. ಕುದುರೆಗೆ ಒಂದು ಕಾಲು ಮರದ್ದು, ಅದು ಮಂಜುಗಟ್ಟಿದ ಕೆರೆಯ ಮೇಲೆ ಟಕ್ ಟಕ್ ಎಂದು ನಡೆದುಹೋಯಿತು. ಎವರ್ಟ್‌ಗೆ ಎದೆ ಹಗುರಾಗಿ, ಹುಡುಗನ ತಲೆ ಸವರಿ, "ಹಾಗೆ. ಹಾಗೆ ಓದಬೇಕು ನನ್ನ ಮಗ," ಅಂದ. ಹಾಸಿಗೆಗೆ ಬಂದ ಮೇಲೆ ಸಿಗ್ನೆ ಮೆಲ್ಲಗೆ ಹೇಳಿದಳು: "ಆ ಪುಟದಲ್ಲಿ ಕುದುರೆ ಇಲ್ಲ. ಅದು ಬೇಕರಿಯವನ ಪಾಠ." ಮಾರನೇ ಸಂಜೆ ಎವರ್ಟ್ ಹುಡುಗನಿಗೆ ಕಾರಣ ಹೇಳದೆ ಹೊಡೆದ. ಕಾರಣ ಹೇಳುವ ಹಾಗಿರಲಿಲ್ಲ. ಕೆಂಟ್ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಅವನನ್ನು ಬಹಳ ಹೊತ್ತು ನೋಡಿದ, ಅಳಲಿಲ್ಲ.

"ಇಳಿ, ಬಂತು," ಎಂದಳು ಸಿಗ್ನೆ.

ಚರ್ಚಿನ ಪಕ್ಕದ ಸಭಾಮನೆಯಲ್ಲಿ ಕ್ವಿಕ್ ಬಳಗದವರು ಆಗಲೇ ತುಂಬಿದ್ದರು. ಉದ್ದ ಮೇಜುಗಳ ಮೇಲೆ ಸೀಗಡಿ, ಮೊಟ್ಟೆ ಹೇರಿದ ಬ್ರೆಡ್ಡಿನ ಕೇಕು, ಕಾಫಿಯ ಕೆಟಲುಗಳು. ಗೋಡೆಗೆ ಸಿಗ್ನೆ ಅಂಟಿಸಿದ ವಂಶವೃಕ್ಷದ ಮುಂದೆ ಜನ ಬೆರಳು ತೋರಿಸುತ್ತ ನಿಂತಿದ್ದರು. ಎವರ್ಟ್ ಅದರ ಹತ್ತಿರ ಹೋಗದೆ ಕಾಫಿ ಕಡೆ ಹೊರಟ. ಆದರೆ ಗೆರ್ಡಾ ಊರುಗೋಲು ಅಡ್ಡ ಚಾಚಿದಳು. ಎಂಬತ್ತು ದಾಟಿದ್ದರೂ ಅವಳ ನಾಲಿಗೆ ಮಾತ್ರ ಇನ್ನೂ ಹರೆಯದಲ್ಲಿತ್ತು.

"ಬಾರೋ ಇಲ್ಲಿ. ನನ್ನ ತಾಯಿ ಹೆಸರು ಎಲ್ಲಿದೆ ತೋರಿಸು. ನನ್ನ ಕಣ್ಣಿಗೆ ಎಲ್ಲ ಇರುವೆ ಹರಿದ ಹಾಗೆ ಕಾಣ್ತದೆ."

"ನನಗೂ ಅಷ್ಟೇ ಗೆರ್ಡಾ. ಕನ್ನಡಕ ಮನೇಲಿ ಬಿಟ್ಟು ಬಂದೆ."

"ಯಾವಾಗ ತಂದಿದ್ದೀಯ ನೀನು? ನಿನ್ನ ಮದುವೇಲಿ ಚರ್ಚಿನ ಪುಸ್ತಕಕ್ಕೆ ಸಹಿ ಹಾಕುವಾಗಲೂ ಕನ್ನಡಕ ಇಲ್ಲ ಅಂದಿದ್ದೆ. ಆಗ ಇಪ್ಪತ್ತೈದು ವರ್ಷ ನಿನಗೆ."

ಸುತ್ತ ನಿಂತವರು ನಕ್ಕರು. ಎವರ್ಟ್ ಕೂಡ ನಕ್ಕ. ಇಂಥ ಕಡೆ ಎಲ್ಲರಿಗಿಂತ ಮೊದಲು ನಗಬೇಕೆಂದು ಕಲಿತಿದ್ದ. ಆಗ ಮಾಲಿನ್ ಬಂದು ಅವನ ಕೈ ಹಿಡಿದಳು. ಒಂಬತ್ತು ವರ್ಷ, ಮುಂದಿನ ಹಲ್ಲುಗಳ ನಡುವೆ ಸಂದು, ಬೆನ್ನಿಗೆ ಶಾಲೆಯ ಚೀಲ. ಭಾನುವಾರ ಯಾಕೆ ಚೀಲ ಎಂದು ಕೇಳಿದ. "ಅಪ್ಪ ತರಿಸಿದ. ಓದೋ ಪುಸ್ತಕ ಇರ್ಬೇಕಂತೆ ಯಾವಾಗಲೂ," ಎಂದಳು ಹುಡುಗಿ, ಮುಖ ಸಿಂಡರಿಸಿ. ಅವಳ ಹಿಂದೆ ಕೆಂಟ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕತ್ತು ಕೆಂಪಗಾಗುವಷ್ಟು ಬಿಗಿಯಾಗಿ ಟೈ ಕಟ್ಟಿಕೊಂಡು, ಮೂಲೆಗೆ ಪಿನ್ನು ಹೊಡೆದ ಮೂರು ಹಾಳೆಗಳನ್ನು ಸುರುಳಿ ಸುತ್ತಿ ಹಿಡಿದಿದ್ದ. ಹಾಳೆಯ ಅಂಚು ಬೆವರಿಗೆ ಮೆತ್ತಗಾಗಿತ್ತು. "ಅಪ್ಪ," ಅಂದ. ಎವರ್ಟ್ ತಲೆಯಾಡಿಸಿದ. ಅವರಿಬ್ಬರ ನಡುವೆ ಮಾತು ಇಷ್ಟೇ ಇರುತ್ತಿತ್ತು.

ಸಿಗ್ನೆ ಎದ್ದು ನಿಂತು ವಂಶದ ಕಥೆ ಹೇಳಿದಳು. ಗುಡಿಸಲಿನ ಹೆಸರಿನ ಸಂಗತಿ ಬಂದಾಗ ಕೆಲವರಿಗೆ ಬೇಜಾರಾಯಿತು. ಮಂದಬುದ್ಧಿಯವನ ಸಂಗತಿ ಬಂದಾಗ ಎಲ್ಲರಿಗೂ ಖುಷಿಯಾಯಿತು. ಬಳಗದ ಅಣ್ಣ ತಮ್ಮಂದಿರು ಒಬ್ಬರ ಕಡೆಗೊಬ್ಬರು ಚಮಚ ತೋರಿಸಿಕೊಂಡು ನಕ್ಕರು, ಯಾರೋ ಕೆಂಟ್‌ನ ಬೆನ್ನು ತಟ್ಟಿದರು. ಕೆಂಟ್ ತಟ್ಟೆ ನೋಡುತ್ತ ಕೂತಿದ್ದ. "ಇನ್ನು ಮೊದಲನೇ ಕ್ವಿಕ್‌ನ ಕಥೆ, ಸೈನಿಕ ನಿಲ್ಸ್‌ನದು. ಇದನ್ನ ಕೆಂಟ್ ಓದ್ತಾನೆ," ಎಂದು ಸಿಗ್ನೆ ಕೂತಳು. ಕೂರುವಾಗ ಎವರ್ಟ್‌ನ ಮೊಣಕಾಲಿಗೆ ಕೈ ತಾಗಿಸಿದಳು. ಆ ಕೈ ಪ್ರೀತಿಯದೋ ಬೆದರಿಕೆಯದೋ ಅವನಿಗೆ ತಿಳಿಯಲಿಲ್ಲ.

ಕೆಂಟ್ ಓದಿದ. ಒಂದೊಂದು ಪದಕ್ಕೂ ಬೆರಳಿಟ್ಟು, ಲಾರಿಗೆ ಡಬ್ಬ ಎತ್ತಿ ಹಾಕುವವನ ನಿಧಾನದಲ್ಲಿ, ಆದರೆ ಓದಿದ. ಮೊದಲ ಹಾಳೆ ಮುಗಿಯಿತು. ನಿಲ್ಸ್ ಗುಡಿಸಲಿಗೆ ಬಂದ, ಕೈಸಾ ಎಂಬ ಆಳು ಹೆಣ್ಣನ್ನು ಮೆಚ್ಚಿದ, ಮದುವೆ ಮಾಡಿಸಲು ಪಾದ್ರಿ ಒಪ್ಪಲಿಲ್ಲ, ಓದಲು ಬಾರದವನಿಗೆ ಮದುವೆಯಿಲ್ಲ ಎಂದ. ಮಾಲಿನ್ ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದಳು, ಅವನ ತುಟಿಯ ಜತೆ ಅವಳ ತುಟಿಯೂ ಆಡುತ್ತಿತ್ತು. ಎವರ್ಟ್‌ಗೆ ಒಂದು ಕ್ಷಣ ಎದೆ ತುಂಬಿ ಬಂತು. ಹೇಳಿಬಿಡುತ್ತೇನೆ, ಎಂದುಕೊಂಡ. ಇವನು ಮುಗಿಸಲಿ, ಎದ್ದು ನಿಂತು, ನನಗೂ ಹೀಗೇನೇ ಎಂದುಬಿಡುತ್ತೇನೆ. ಏನು ಮಹಾ? ಎರಡು ಪದ. ಸಂಘದ ಸಭೆಗಳಲ್ಲಿ ಎಷ್ಟೆಷ್ಟು ಮಾತಾಡಿಲ್ಲ. ಅಷ್ಟರಲ್ಲಿ ಕೆಂಟ್ ಹಾಳೆ ತಿರುವಿದ. ಎರಡನೇ ಹಾಳೆಯ ಮೇಲುಗಡೆ ಪಾದ್ರಿಯ ಪರೀಕ್ಷೆಯ ಪುಸ್ತಕದ ಹೆಸರಿತ್ತು. ಅವರ ಭಾಷೆಯಲ್ಲಿ ಪದಗಳನ್ನು ರೈಲಿನ ಡಬ್ಬಿಗಳಂತೆ ಒಂದಕ್ಕೊಂದು ಸಿಕ್ಕಿಸುತ್ತಾರೆ. ಅದು ಬಹಳ ಉದ್ದದ ರೈಲು. ಕೆಂಟ್ ಎಂಜಿನ್ನು ದಾಟಿದ, ಮೊದಲ ಡಬ್ಬಿ ದಾಟಿದ, ನಿಂತ. ಮತ್ತೆ ಮೊದಲಿನಿಂದ ಶುರುಮಾಡಿದ. ನಿಂತ. ಯಾರೋ ಬಟ್ಟಲಿಗೆ ಚಮಚ ತಾಗಿಸಿದರು. ಗೆರ್ಡಾ ಕೆಮ್ಮಿದಳು, ಅದು ಕೆಮ್ಮಲ್ಲ.

ಆ ಮೌನ ಎವರ್ಟ್‌ಗೆ ಹಳೆಯ ಪರಿಚಯ. ಹುಡುಗ ನಿಂತನೆಂದರೆ ತಪ್ಪು. ಅವನ ಬಲಗೈ ತಾನಾಗಿ ಎದ್ದಿತು. ಎದ್ದ ಕೈ ಏನಾದರೂ ಮಾಡಲೇಬೇಕಲ್ಲ. ಅವನೂ ಎದ್ದು, ಮೇಜಿನ ಮೇಲಿಂದ ಬಾಗಿ, ಮಗನ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡ.

"ಕೊಡಿಲ್ಲಿ. ಹೀಗೆ ಓದಿದ್ರೆ ಆ ನಿಲ್ಸ್ ಮದುವೆಯಾಗೋದು ಯಾವಾಗ, ನಾವೆಲ್ಲ ಹುಟ್ಟೋದು ಯಾವಾಗ?"

ಸಭೆ ಗೊಳ್ಳೆಂದಿತು. ಎವರ್ಟ್ ಹಾಳೆಗಳನ್ನು ಮುಂದೆ ಹಿಡಿದು ಓದತೊಡಗಿದ. ಕೆಂಟ್ ಎಡವಿದ ಪದದಿಂದಲೇ ಎತ್ತಿಕೊಂಡ. ಸಿಗ್ನೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಅಡುಗೆಮನೆಯಲ್ಲಿ ಎಷ್ಟೋ ಸಂಜೆ ಗಟ್ಟಿಯಾಗಿ ಓದಿದ ಕಥೆ, ಒಂದು ಅಲ್ಪವಿರಾಮವೂ ಬಿಡದೆ ಅವನ ಬಾಯಲ್ಲಿತ್ತು. ದನಿ ಏರಬೇಕಾದಲ್ಲಿ ಏರಿಸಿದ, ನಗಿಸಬೇಕಾದಲ್ಲಿ ನಗಿಸಿದ. ನಿಲ್ಸ್ ಪುಸ್ತಕ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಿದ. ಪಾದ್ರಿ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಎದ್ದು ಬಂದು, ಪುಸ್ತಕದ ಬೇರೊಂದು ಪುಟ ತೆಗೆದು, ಈಗ ಇಲ್ಲಿಂದ ಓದು ಎಂದ. ನಿಲ್ಸ್ ಹೊಸ ಪುಟದ ಮೇಲೆ ಕಣ್ಣಿಟ್ಟು ಹಳೆಯ ಪುಟವನ್ನೇ ಓದುತ್ತ ಹೋದ. ಊರವರ ಮುಂದೆ ಪಾದ್ರಿ ಅವನನ್ನು ನಡುವೆ ತಡೆಯಲಿಲ್ಲ, ಕೊನೆಯತನಕ ಓದಲು ಬಿಟ್ಟ. ಕೈಸಾ ಮದುವೆಯಿಲ್ಲದೆ ಹೆತ್ತಳು, ಆ ಮಗುವೇ ನಮ್ಮ ಮೂಲ. ಎವರ್ಟ್ ಮುಗಿಸಿ ತಲೆಯೆತ್ತಿದಾಗ ಚಪ್ಪಾಳೆ ಬಿತ್ತು. ಅವನ ಕಿವಿ ಬಿಸಿಯಾಗಿತ್ತು, ಬಹಳ ವರ್ಷದ ಮೇಲೆ ಸಂಘದ ವೇದಿಕೆಯಲ್ಲಿ ನಿಂತ ಹಾಗಿತ್ತು. ಎದುರಿಗೆ ಕೆಂಟ್ ಮಾತ್ರ ಚಪ್ಪಾಳೆ ತಟ್ಟದೆ ಅಪ್ಪನ ಕೈಯಲ್ಲಿದ್ದ ಹಾಳೆಗಳನ್ನೇ ನೋಡುತ್ತಿದ್ದ.

"ಏನೋ ಎವರ್ಟ್," ಗೆರ್ಡಾಳ ದನಿ ಚಪ್ಪಾಳೆಯನ್ನು ಕತ್ತರಿಸಿತು. "ಈಗ ತಾನೇ ಕನ್ನಡಕ ಇಲ್ಲ, ನನ್ನ ತಾಯಿ ಹೆಸರು ಕಾಣೋದಿಲ್ಲ ಅಂದೆ. ಇದು ಹೇಗೆ ಕಾಣ್ತು?"

ಸಿಗ್ನೆ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಆಸೆಯಿತ್ತು. ಈಗಲಾದರೂ ಹೇಳು ಎಂಬ ಆಸೆ. ಬಾಗಿಲು ತೆರೆದೇ ಇತ್ತು, ಎವರ್ಟ್‌ಗೆ ಅದು ಕಂಡಿತು ಕೂಡ. ಅದರಾಚೆ ಬೋರ್ಡಿನ ಮುಂದೆ ನಿಂತ ಹುಡುಗ, ನಗುವ ಕ್ಲಾಸು, ಟೀಚರಮ್ಮ. ಅಲ್ಲಿಗೆ ಹೋಗಲು ಅವನಿಂದ ಆಗಲಿಲ್ಲ.

"ಏನು ಮಾಡೋದು ಗೆರ್ಡಾ," ಎಂದ. "ನನ್ನ ಮಗ ಓದೋದನ್ನ ಕೇಳ್ತಾ ಕೂತ್ರೆ ಕುರುಡನಿಗೂ ಕಣ್ಣು ಬರ್ತದೆ."

ಜನ ಮೇಜು ಬಡಿದು ನಕ್ಕರು. ಗೆರ್ಡಾ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲರಿಗಿಂತ ತಡವಾಗಿ, ದೊಡ್ಡವರು ನಗುವುದನ್ನು ನೋಡಿ, ಮಾಲಿನ್ ಕೂಡ ನಕ್ಕಳು. ಅಪ್ಪನ ಕಡೆ ಬೆರಳು ತೋರಿಸಿ, ಹಲ್ಲಿನ ಸಂದು ಕಾಣುವ ಹಾಗೆ ನಕ್ಕಳು. ಎವರ್ಟ್ ಅದನ್ನು ನೋಡಿದ. ಗೆದ್ದೆ ಎಂದು ಅವನಿಗೆ ಗೊತ್ತಾದದ್ದು ಆ ನಗುವಿನಿಂದ, ಅವಳ ಮುಖದಿಂದ ಕಣ್ಣು ತೆಗೆದು ಹಾಳೆಗಳನ್ನು ಮೇಜಿನ ಮೇಲೆ ಕವುಚಿಟ್ಟ. ಸಿಗ್ನೆ ಒಣಗಿದ ದನಿಯಲ್ಲಿ, "ಎವರ್ಟ್ ಇನ್ನೂ ಏನೋ ಹೇಳ್ಬೇಕು ಅಂತಿದ್ದ," ಎಂದಳು. "ಹೌದು," ಎಂದ ಎವರ್ಟ್, "ಕಾಫಿ ಆರಿಹೋಗ್ತಿದೆ." ಮತ್ತೆ ನಗು. ಸಿಗ್ನೆ ಎದ್ದು ಕೆಟಲು ಎತ್ತಿಕೊಂಡು ಎಲ್ಲರಿಗೂ ಕಾಫಿ ಬಗ್ಗಿಸುತ್ತ ಹೋದಳು, ಅವನ ಬಟ್ಟಲಿಗೂ ಬಗ್ಗಿಸಿದಳು.

ಹೊರಡುವಾಗ ಕೋಟುಗಳನ್ನು ತೂಗುಹಾಕಿದ ಇಕ್ಕಟ್ಟಿನ ಕೋಣೆಯಲ್ಲಿ ಕೆಂಟ್ ಅವನ ಹಿಂದೆ ಬಂದು ನಿಂತ. ಕೋಟು ತೆಗೆದು, ತೋಳು ತೂರಿಸಲು ಹಿಡಿದ. ಎವರ್ಟ್ ಒಂದು ತೋಳು ತೂರಿಸಿದ.

"ಮೂರನೇ ಹಾಳೆ ತಿರುವಲೇ ಇಲ್ಲ ನೀನು," ಎಂದ ಕೆಂಟ್ ಬೆನ್ನ ಹಿಂದಿನಿಂದ.

"ಏನು?"

"ಎರಡನೇ ಹಾಳೆ ಹಾಗೇ ಮೇಲಿತ್ತು ನಿನ್ನ ಕೈಲಿ. ಅದನ್ನೇ ನೋಡ್ತಾ ಮೂರನೇದನ್ನ ಪೂರ್ತಿ ಓದಿದೆ."

ಎವರ್ಟ್‌ನ ಇನ್ನೊಂದು ತೋಳು ಅರ್ಧದಲ್ಲೇ ಸಿಕ್ಕಿಕೊಂಡಿತು. "ಅಮ್ಮ ಹೇಳಿದಳಾ?"

"ಅಮ್ಮ ಯಾಕೆ ಹೇಳ್ಬೇಕು? ಮರದ ಕಾಲಿನ ಕುದುರೆ ಪುಸ್ತಕದಲ್ಲಿರ್ಲಿಲ್ಲ ಅಪ್ಪ. ನಾನೇ ಕಟ್ಟಿದ್ದು. ನೀನು ತಲೆ ಸವರಿದೆ, ನಂಬಿದ್ದೀಯ ಅಂತ ಗೊತ್ತಾಯ್ತು. ಮಾರನೇ ದಿನ ಬಾಯಿ ಬಿಡದೆ ಹೊಡೆದೆಯಲ್ಲ, ಆಗ ಉಳಿದದ್ದೂ ಗೊತ್ತಾಯ್ತು."

"ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

ಕೆಂಟ್ ಯೋಚಿಸಿದ. ಅವನು ಯಾವುದನ್ನೂ ಬೇಗ ಹೇಳುವವನಲ್ಲ. "ಮೊದಲು ಹೆದರಿಕೆ. ಆಮೇಲೆ ನಿನ್ನ ಮೇಲೆ ಅಯ್ಯೋ ಅನ್ನಿಸ್ತಿತ್ತು, ಎಂದಾದ್ರೂ ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಅದೂ ಹೋಯ್ತು. ಎಲ್ಲೀತನಕ ಮಾಡ್ತಾನೆ ನೋಡೋಣ ಅಂತ ಸುಮ್ನಿದ್ದೆ. ಇವತ್ತು ನನ್ನ ಮಗಳ ಮುಂದೆ ಮಾಡಿದೆ."

ಅವನು ಕೋಟಿನ ತೋಳು ಸರಿಮಾಡಿ, ಭುಜದ ಮೇಲಿನ ಧೂಳು ಕೊಡವಿ, ಗುಂಡಿ ಹಾಕಿದ. ಆಸ್ಪತ್ರೆಯಲ್ಲಿ ರೋಗಿಗೆ ಮಾಡಿದ ಹಾಗೆ ಮಾಡಿದ.

"ಮಾಲಿನ್‌ಗೆ ನೀನು ಓದಿದ್ದು ಬಹಳ ಹಿಡಿಸಿದೆ. ಆ ಬೇರೆ ಕ್ಲಾಸು ಬೇಡವಂತೆ, ಅಪ್ಪನ ಹತ್ರ ಓದೋದೂ ಬೇಡವಂತೆ, ಅಜ್ಜನ ಹತ್ರ ಕಲೀತಾಳಂತೆ. ದಿನಾ ಶಾಲೆ ಬಿಟ್ಟ ಮೇಲೆ ನಿಮ್ಮ ಮನೆಗೆ ಬಿಡ್ತೀನಿ. ಇವತ್ತು ನಿಮ್ಮ ಕಾರಲ್ಲೇ ಬರ್ತಾಳೆ."

"ಕೆಂಟ್. ಅವಳಿಗೆ ನೀನು ಏನಾದ್ರೂ ಹೇಳಿ..."

"ನಾನು ಹೇಳೋದಿಲ್ಲ. ಅವಳ ಪಾಲಿಗೆ ದಡ್ಡ ನಾನೇ ಆಗಿರ್ತೀನಿ, ರೂಢಿಯಿದೆ. ನೀನು ಬೇಕಾದ್ರೆ ಹೇಳು. ಇಲ್ಲಾಂದ್ರೆ ಓದಿಸು." ಬಾಗಿಲ ಹತ್ತಿರ ಹೋದವನು ನಿಂತ. "ಅವಳು ತಡೆದು ನಿಂತಾಗ ಹೊಡೀಬೇಡ. ಅದೊಂದೇ ನಾನು ಕೇಳೋದು."

ಸಿಗ್ನೆ ಕಾರು ಹೊರಡಿಸಿದಳು. ಕೆಂಟ್‌ಗೆ ತಾನು ಹೇಳಬೇಕಾದದ್ದು ಏನೂ ಉಳಿದಿಲ್ಲವೆಂದು, ಕೋಟಿನ ಕೋಣೆಯಿಂದ ಹೊರಬಂದ ಅಪ್ಪ ಮಗನ ಮುಖ ನೋಡಿಯೇ ಅವಳಿಗೆ ತಿಳಿದಂತಿತ್ತು, ಎರಡೂ ಕೈಯಲ್ಲಿ ಚಕ್ರ ಹಿಡಿದು ರಸ್ತೆ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಎವರ್ಟ್ ಮತ್ತು ಹುಡುಗಿ. ಮಾಲಿನ್ ಚೀಲ ಬಿಚ್ಚಿ ಪುಸ್ತಕ ತೆಗೆದು, ಅಜ್ಜನ ತೊಡೆಯ ಮೇಲೆ ಹರಡಿ, ತೋಳಿಗೆ ಒರಗಿಕೊಂಡಳು. ಕೂದಲಲ್ಲಿ ಸೀಗಡಿಯ, ಸೋಪಿನ ವಾಸನೆ. ಚಿತ್ರವಿಲ್ಲದ ಪುಟ. ಅಕ್ಷರಗಳು ಎದ್ದು ನೂಕಾಡತೊಡಗಿದವು.

"ಅಜ್ಜ, ಇದೇನು? ಇಲ್ಲಿಂದ ಓದು. ನೀನು ಅಲ್ಲಿ ಓದಿದೆಯಲ್ಲ, ಹಾಗೆ."

ಎವರ್ಟ್ ಕೋಟಿನ ಒಳಜೇಬು ತಡವಿದ. ಹೊರಜೇಬು ತಡವಿದ. ಮುಂದಿನ ಕನ್ನಡಿಯಲ್ಲಿ ಸಿಗ್ನೆಯ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

"ಅಯ್ಯೋ ಪುಟ್ಟಿ," ಎಂದ. "ಕನ್ನಡಕ ಮರೆತು ಬಂದೆನಲ್ಲ."

ಮಾಲಿನ್ ಕುಲುಕುಲು ನಕ್ಕು ಅವನ ಕೈಯನ್ನು ಜೇಬಿನಿಂದ ಹೊರಗೆಳೆದು ಪುಟದ ಮೇಲಿಟ್ಟಳು.

"ಸುಳ್ಳು. ನಿನಗೆ ಕನ್ನಡಕ ಬೇಡ ಅಜ್ಜ. ನಾನು ನೋಡಿದ್ದೀನಿ."